ಒಂದು ಮಗುವಿಗೆ ಒಬ್ಬರೇ ಅಜ್ಜಿ

ನನ್ನ ಮಗಳು ಎರಡನೇ ಮದುವೆಯಾದಾಗ ‘ಪಾಪ, ಮಗುವಿನ ಗತಿಯೇನು’ ಎಂದು ಲೊಚಗುಟ್ಟಿದವರೇ, ಬಾಯಿ ಮುಚ್ಚಿ ಇದನ್ನು ಓದಿ.

ಇಂದು ಪುತ್ತೂರಿನಲ್ಲಿ ಮೊಮ್ಮಗಳ ಶಾಲೆಯಲ್ಲಿ ಅಜ್ಜಿಯಂದಿರ ದಿನ. ನಾನೂ ಹೋದೆ, ಹೊಸ ಅಳಿಯನ ತಾಯಿಯೂ ಇಚಿಲಂಪಾಡಿಯಿಂದ ಬಂದರು; ಮೊಮ್ಮಗಳಿಗೆ ಅವರು ‘ಅಮ್ಮಚ್ಚಿ’, ಮಲಯಾಳದಲ್ಲಿ ಅಜ್ಜಿ.

“ವೇದಿಕೆಯಲ್ಲಿ ಕುಣಿಯಲು ಒಂದು ಮಗುವಿಗೆ ಒಬ್ಬರೇ ಅಜ್ಜಿ,” ಎಂದರು ಟೀಚರ್.

ನಾನು ಸೆರಗು ಸರಿಮಾಡಿಕೊಂಡೆ. ಮೊಮ್ಮಗಳು ಅಮ್ಮಚ್ಚಿಯ ಕೈ ಹಿಡಿದಳು! ನನ್ನನ್ನು, ಅಜ್ಜಿ ಬಾರದೆ ಅಳುತ್ತಿದ್ದ ಗೆಳತಿಯತ್ತ ದೂಡಿದಳು. “ನಮ್ಮ ಅಜ್ಜಿಯನ್ನು ಕರ್ಕೊಂಡು ಹೋಗು. ಬೈತಾರೆ, ಹೆದರ್ಬೇಡ. ಸಂಜೆ ವಾಪಸ್ ಕೊಡ್ಬೇಕು.”

“ನಿಂಗೆ ನಾನು ಬೇಡವಾ?”

“ಅಮ್ಮಚ್ಚಿ ಹೊಸಬ್ರಲ್ವಾ ಅಜ್ಜಿ, ಬಿಟ್ರೆ ಬೇಜಾರಾಗ್ತದೆ. ನೀನಾದ್ರೆ ನಮ್ಮವಳೇ, ಎಲ್ಲಿಗೆ ಹೋಗ್ತಿ?”

ಯಾರದೋ ಅಜ್ಜಿಯಾಗಿ ಕುಣಿದು ಚಪ್ಪಾಳೆ ಗಿಟ್ಟಿಸಿದೆ. ನಿಮ್ಮ ಮನೆಯ ಮಗುವಿಗೂ ಅಜ್ಜಿ ಬೇಕಿದ್ದರೆ ಮೊದಲೇ ಬರೆದು ತಿಳಿಸಿ.