ಮೊದಲನೆಯವಳ ನೀಲಿ

ಪರದೆಯಕ್ಕನಿಗೆ ಹೊಟ್ಟೆಕಿಚ್ಚು. ಅದಕ್ಕೆ ನೋವು, ಬೇಸರ ಎಂದೆಲ್ಲ ಮರ್ಯಾದೆಯ ಹೆಸರು ಕೊಡುವುದು ಬೇಡ, ಅಪ್ಪಟ ಹೊಟ್ಟೆಕಿಚ್ಚು. ಅದೂ ಸತ್ತುಹೋದವಳ ಮೇಲೆ.

ಪರದೆ ಅಂಗಡಿಯಲ್ಲಿ ಹೊಲಿಗೆ ಮಾಡುತ್ತಿದ್ದುದರಿಂದ ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದರು. ನೀರು ಸರಬರಾಜು ಕಚೇರಿಯ ಗುಮಾಸ್ತನಿಗೆ ಎರಡನೆಯ ಹೆಂಡತಿಯಾಗಿ ಈ ಮೂರನೇ ಮಹಡಿಯ ಮನೆಗೆ ಬಂದಾಗ ಹಾಲಿನ ನಾಲ್ಕೂ ಗೋಡೆ ನೀಲಿಯಾಗಿದ್ದವು. ತಿಳಿನೀಲಿಯಲ್ಲ, ಕಡುನೀಲಿಯೂ ಅಲ್ಲ. ದೀಪ ಹಾಕುವ ಮುಂಚೆ ಕಿಟಕಿಯಾಚೆ ಕಾಣುವಂಥ, ಚೂರು ಬೂದಿ ಬೆರೆತ ನೀಲಿ. "ನಮ್ಮತ್ತಿಗೆ ತಾನೇ ನಿಂತು ಹೊಡೆಸಿದ ಬಣ್ಣ. ಕಣ್ಣು ಅಂದ್ರೆ ಅವರದು" ಎಂದು ನಾದಿನಿ ಮೊದಲ ದಿನವೇ ಹೇಳಿದ್ದಳು. ಆಮೇಲೆ ಬಂದಾಗಲೆಲ್ಲ ಹೇಳಿದಳು.

ಫೋಟೋ ಆಗಿದ್ದರೆ ಕಪಾಟಿನೊಳಗೆ ಇಟ್ಟುಬಿಡಬಹುದಿತ್ತು. ಗೋಡೆಯನ್ನು ಎಲ್ಲಿಡುವುದು? ಉಣ್ಣಲು ಕೂತರೆ ಎದುರಿಗೆ ಆ ಮಹಾತಾಯಿ, ಕಸ ಗುಡಿಸಿದರೆ ಬೆನ್ನಿಗೆ ಆ ಮಹಾತಾಯಿ. "ರೀ, ಹಾಲಿಗೆ ಬೇರೆ ಬಣ್ಣ ಹೊಡೆಸೋಣ್ವಾ?" ಎಂದು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಗಂಡ ಪೇಪರಿನಿಂದ ತಲೆ ಎತ್ತದೆ, "ಇರ್ಲಿ ಬಿಡು. ಚೆನ್ನಾಗೇ ಇದೆಯಲ್ಲ" ಎನ್ನುತ್ತಿದ್ದ. ಈ ಮನುಷ್ಯನ ಮನಸ್ಸು ಇನ್ನೂ ಅವಳ ಹತ್ತಿರವೇ ಇದೆ ಎಂದು ಪರದೆಯಕ್ಕ ಅಂದುಕೊಳ್ಳುತ್ತಿದ್ದಳು. ಆ ಹೊತ್ತಿನ ಅಡುಗೆಗೆ ಉಪ್ಪು ಹೆಚ್ಚೇ ಬೀಳುತ್ತಿತ್ತು.

ಕೊನೆಗೆ ಅವಳ ಕೈ ಹಿಡಿದದ್ದು ಗಂಡನ ಮಂಡಿನೋವು. ಮೂರು ಮಹಡಿ ಹತ್ತಲಾರೆ, ಮನೆ ಮಾರಿ ನೆಲಮಹಡಿಯದೊಂದು ತೆಗೆದುಕೊಳ್ಳೋಣ ಎಂದ. ಬ್ರೋಕರ್ ಬಂದು ಸುತ್ತ ನೋಡಿ, "ಸಾರ್, ಗೋಡೆಯೆಲ್ಲ ಹಳತಾಗಿದೆ. ಹೊಸ ಬಣ್ಣ ಹೊಡೆಸಿ, ಮನೆ ಬೇಗ ಹೋಗತ್ತೆ" ಎಂದ.

"ಅದಕ್ಕೇನಂತೆ, ಹೊಡೆಸಿದ್ರಾಯ್ತು" ಎಂದುಬಿಟ್ಟ ಗಂಡ.

ತಾನು ವರ್ಷಗಟ್ಟಲೆ ಬಾಯಿ ಬಿಟ್ಟು ಕೇಳಿದ್ದು ಬ್ರೋಕರನಿಗೆ ಒಂದೇ ಮಾತಿಗೆ ಸಿಕ್ಕಿತಲ್ಲ ಎಂದು ಪರದೆಯಕ್ಕನಿಗೆ ಉರಿದುಹೋಯಿತು. "ಬಣ್ಣ ಮಾತ್ರ ನಾನೇ ಆರಿಸ್ತೀನಿ" ಎಂದಳು. ಮನೆ ಕೈಬಿಡುವ ಮುಂಚೆ ನಾಲ್ಕು ದಿನವಾದರೂ ಅದು ತನ್ನ ಮನೆಯಾಗಿರಬೇಕು, ನಾದಿನಿ ಬಂದು ಬಾಯಿ ಮುಚ್ಚಿಕೊಂಡು ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಪೇಂಟರ್ ಅವಳು ಹೇಳಿದ ಮೂರು ಬಣ್ಣಗಳನ್ನು ನೀಲಿ ಗೋಡೆಯ ಮೇಲೆ ಅಂಗೈಯಗಲ ಬಳಿದು ತೋರಿಸಿದ. ಅದರಲ್ಲಿ ಗೋಧಿ ಬಣ್ಣದ್ದು ಬಿಸಿಲು ಬಿದ್ದಂತೆ ಹೊಳೆಯಿತು. "ಇದೇ. ನಾಲ್ಕೂ ಗೋಡೆಗೆ ಹೊಡಿ" ಎಂದು ಅವಳು ಹಿಂದೆ ಮುಂದೆ ನೋಡದೆ ಹೇಳಿದಳು.

ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ತೋರಿಸುವಾಗ ಅಡಿಗೆ ಬಿಳಿ ಹಾಳೆ ಹಾಸಿಯೇ ತೋರಿಸುವವಳು ಅವಳು. ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡತ್ತೆ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು. ಸವತಿಯ ಗೋಡೆ ಕಂಡ ಮೇಲೆ ಆ ಪಾಠವೆಲ್ಲ ಎಲ್ಲಿ ಹೋಯಿತೋ.

ನಾಲ್ಕೂ ಗೋಡೆ ಮುಗಿದು ನೀಲಿ ಪೂರ್ತಿ ಮುಚ್ಚಿಹೋದಾಗ, ಗೋಧಿ ಬಣ್ಣದ ಹೊಳಪೂ ಅದರ ಜೊತೆಗೇ ಹೋಯಿತು. ಹಾಲ್ ಆಸ್ಪತ್ರೆಯ ಕಾರಿಡಾರಿನಂತೆ ಕಳೆಗುಂದಿತು. ಪರದೆಯಕ್ಕ ದೀಪ ಹಾಕಿ ನೋಡಿದಳು, ಆರಿಸಿ ನೋಡಿದಳು, ಕಿಟಕಿ ತೆರೆದು ನೋಡಿದಳು. ಎಲ್ಲಿ ನಿಂತು ನೋಡಿದರೂ ಅಷ್ಟೇ. ತನ್ನ ಬಣ್ಣ ಎದ್ದು ಕಾಣಬೇಕಾದರೆ ಅವಳ ಬಣ್ಣ ಪಕ್ಕದಲ್ಲಿರಬೇಕಾಗಿತ್ತು ಎಂದು ಗೊತ್ತಾದಾಗ ಅವಳಿಗೆ ಅಳುವೇ ಬಂತು.

ಬ್ರೋಕರ್ ಬಂದು ಮುಖ ಹುಳ್ಳಗೆ ಮಾಡಿದ. "ಅಕ್ಕ, ತಪ್ಪು ತಿಳ್ಕೋಬೇಡಿ, ಯಾಕೋ ಸಪ್ಪೆ ಹೊಡೀತಿದೆ. ಭಾನುವಾರ ಪಾರ್ಟಿ ಬರ್ತಾರೆ. ಕಿಟಕಿ ಎದುರಿನ ಗೋಡೆಗೆ ಮೊದಲಿದ್ದ ಆ ನೀಲಿನೇ ಹಾಕಿಸಿಬಿಡಿ."

ಗಂಡ ಕೂಡಲೇ ಚಪ್ಪಲಿ ಮೆಟ್ಟಿದ. ಇದಕ್ಕೇ ಕಾಯುತ್ತಿದ್ದ ನೋಡು ಎಂದು ಹಲ್ಲು ಕಚ್ಚಿಕೊಂಡು ಅವಳೂ ಹೊರಟಳು.

ಬಣ್ಣದ ಅಂಗಡಿಯವನು ನೀಲಿಗಳ ಪುಟ ಬಿಡಿಸಿಟ್ಟ. ಪರದೆಯಕ್ಕ ಬೇಕೆಂದೇ ಬಾಯಿ ಬಿಡಲಿಲ್ಲ. ಗಂಡನ ಬೆರಳು ಸೀದಾ ಆ ಬಣ್ಣಕ್ಕೇ ಹೋಗುತ್ತದೆ, ಹೋಗುವುದನ್ನು ತಾನು ಕಣ್ಣಾರೆ ನೋಡಿಬಿಡಬೇಕು. ಇಷ್ಟು ವರ್ಷ ಒಳಗೇ ಬೇಯಿಸಿಕೊಂಡದ್ದಕ್ಕೆ ಸಾಕ್ಷಿ ಸಿಗಲಿ ಎಂದು ಕಾದಳು.

ಗಂಡ ಆಕಾಶನೀಲಿಯ ಮೇಲೆ ಬೆರಳಿಟ್ಟ. "ಇದೇ ಅಲ್ವಾ?" ಎಂದ. ಬೆರಳು ಸರಿಯಿತು, ಹಸಿರು ಮಿಶ್ರಿತ ನೀಲಿಗೆ ಹೋಯಿತು. "ಹಾಗಾದ್ರೆ ಇದು. ಅಲ್ಲ, ತಾಳು... ಯಾವುದೋ ಒಂದು ಹೇಳೇ ಮಾರಾಯ್ತಿ."

"ನಿಮಗೆ ನೆನಪಿಲ್ವಾ?"

"ಗೋಡೆ ಬಣ್ಣ ಯಾರು ನೆನಪಿಟ್ಕೋತಾರೆ?"

"ಮತ್ತೆ ನಾನು ಕೇಳಿದಾಗೆಲ್ಲ ಬೇಡ ಅಂದಿದ್ದು?"

"ಬೀರು, ಮಂಚ, ಸಾಮಾನೆಲ್ಲ ಎಳೆದಾಡ್ಬೇಕಲ್ಲ. ಯಾರಿಗೆ ಬೇಕು ಆ ರಗಳೆ" ಎಂದ ಗಂಡ. ಸುಳ್ಳು ಹೇಳುವವನ ಮುಖವಲ್ಲ ಅದು. ಸೋಮಾರಿಯ ಮುಖ.

ಪರದೆಯಕ್ಕ ಪುಟ ತಿರುಗಿಸಿ, ಎರಡನೇ ಸಾಲಿನ ಮೂಲೆಯಲ್ಲಿದ್ದ ಬೂದಿ ಬೆರೆತ ನೀಲಿಯನ್ನು ಒಂದೇ ಸಲಕ್ಕೆ ಮುಟ್ಟಿ ತೋರಿಸಿದಳು. ಕಣ್ಣು ಮುಚ್ಚಿದ್ದರೂ ತೋರಿಸುತ್ತಿದ್ದಳೇನೋ. ಆ ಬಣ್ಣವನ್ನು ಮನಸ್ಸಿಟ್ಟು ನೋಡಿದವರು ಈ ಲೋಕದಲ್ಲಿ ಇಬ್ಬರೇ ಹೆಂಗಸರು, ಹೊಡೆಸಿದವಳೊಬ್ಬಳು, ಉರಿದುಕೊಂಡವಳೊಬ್ಬಳು. ಪಾಪ, ಆ ಹೆಂಗಸೂ ನಾಲ್ಕು ಗೋಡೆ ಸಿಂಗರಿಸಿ ಈ ಮನುಷ್ಯ ತಲೆ ಎತ್ತಿ ನೋಡಲಿ ಎಂದು ಕಾದಿರಬೇಕು ಅನ್ನಿಸಿತು. ಮನೆಗೆ ಬಂದವಳು ಬಣ್ಣದ ಡಬ್ಬ ತಾನೇ ಹೊತ್ತುಕೊಂಡು ಮೆಟ್ಟಿಲು ಹತ್ತಿದಳು.

ಭಾನುವಾರ ಕೊಳ್ಳುವವರು ಬಂದರು. ಕಿಟಕಿ ಎದುರಿನ ಗೋಡೆ ನೀಲಿ, ಉಳಿದ ಮೂರು ಗೋಧಿ. ಹಾಲ್ ಕಳೆಕಳೆಯಾಗಿತ್ತು. ಬಂದಿದ್ದ ಗಂಡಸು ನಲ್ಲಿ ತಿರುಗಿಸಿ ನೋಡುತ್ತಿದ್ದ. ಅವನ ಹೆಂಡತಿ ಮಾತ್ರ ನೀಲಿ ಗೋಡೆಯ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ.

"ಎಷ್ಟು ಚೆನ್ನಾಗಿದೆ. ಯಾರು ಆರಿಸಿದ್ದು?"

"ಇವಳೇ" ಎಂದ ಗುಮಾಸ್ತ, ಎದೆಯುಬ್ಬಿಸಿ.

"ಅಲ್ಲ. ನನಗಿಂತ ಮುಂಚೆ ಇಲ್ಲಿದ್ದವರು" ಎಂದಳು ಪರದೆಯಕ್ಕ. "ಕಣ್ಣು ಅಂದ್ರೆ ಅವರದು."

"ಹಾಗಾದ್ರೆ ನಾವೂ ಇದನ್ನ ಹೀಗೇ ಬಿಡ್ತೀವಿ. ನಾನು ಇಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀನಿ" ಎಂದು ಆ ಹೆಂಗಸು ಗೋಡೆಯ ಮೇಲೆ ಅಂಗೈಯಿಟ್ಟು ಸವರಿದಳು. ಸವರುತ್ತಿದ್ದ ಆ ಕೈಯನ್ನು ನೋಡುತ್ತ ನಿಂತ ಪರದೆಯಕ್ಕನಿಗೆ ಮತ್ತೆ ಅದೇ ಹೊಟ್ಟೆಕಿಚ್ಚು, ಈ ಸಲ ಬದುಕಿರುವವಳ ಮೇಲೆ.