ಕೆರೆಯ ಮೆಟ್ಟಿಲಿನ ತಿಳಿನೀರು

ಬೀಡಿ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಕೆರೆಯ ಕೆಳಗೆ, ನನ್ನ ಅಕ್ಕನಿಗೆ ಇಪ್ಪತ್ತು ಗುಂಟೆ ಗದ್ದೆ ಇದೆ. ಅವ್ವ ಅವಳ ಹೆಸರಿಗೆ ಮಾಡಿಕೊಟ್ಟದ್ದು. ಮೂರು ವರ್ಷದಿಂದ ಅದರ ತಗ್ಗಿನ ತುದಿಯಲ್ಲಿ ಭತ್ತ ಹಳದಿಯಾಗುತ್ತಿತ್ತು. ಬೇಸಿಗೆ ಬಂತೆಂದರೆ ನೆಲದ ಮೇಲೆ ಬಿಳಿ ಪದರ ಏಳುತ್ತಿತ್ತು, ರೊಟ್ಟಿಯ ಮೇಲೆ ಒಣಹಿಟ್ಟು ಉಳಿದ ಹಾಗೆ. ನಮ್ಮ ಕಡೆ ಇದಕ್ಕೆ ಸವಳು ಎನ್ನುತ್ತಾರೆ.

ಅಕ್ಕನ ಗಂಡನಿಗೆ, ಅಂದರೆ ನನ್ನ ಮಾಮಾನಿಗೆ, ಆ ಗದ್ದೆಯ ಮೇಲೆ ಬೇಸರ ಬಂದಿತ್ತು. ಖಾನಾಪುರದ ಕಡೆಯ ಇಟ್ಟಂಗಿ ಭಟ್ಟಿಯ ಮಾಲಕ ಮಣ್ಣು ಕೇಳಿದ್ದ. ಸೊಂಟದ ಆಳ ತೆಗೆಯುತ್ತಾನೆ. ಒಮ್ಮೆ ತೆಗೆದರೆ ಮುಗಿಯಿತು, ಅದು ಮತ್ತೆ ಗದ್ದೆಯಾಗುವುದಿಲ್ಲ. ಅಕ್ಕ ಒಪ್ಪಲಿಲ್ಲ.

"ನನ್ನ ತಮ್ಮ ಮಣ್ಣು-ನೀರು ಪರೀಕ್ಷಾ ಮಾಡೂ ಜಾಗಾದಾಗ ಅದಾನ. ಅವಾ ನೋಡ್ಲಿ. ಅವಾ ಕೆಟ್ಟೈತಿ ಅಂದ್ರ ನಾನೂ ಬಾಯಿ ಮುಚ್ಚತೀನಿ" ಅಂದಳು.

ನಾನು ಬೆಳಗಾವಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಹತ್ತನೆಯ ತರಗತಿಯ ಪರೀಕ್ಷೆ ಪಾಸಾದಾಗ ನನಗೆ ಮೂವತ್ತೊಂದು ವರ್ಷ. ಆಮೇಲೆ ಅಲ್ಲಿಯ ಮೇಡಂ ಒಂದೊಂದಾಗಿ ಕೆಲಸ ಕಲಿಸಿದರು. ಯಾವ ನೀರಿಗೆ ಯಾವ ಸೀಸೆ, ಮಣ್ಣನ್ನು ನೆರಳಿನಲ್ಲಿ ಏಕೆ ಒಣಗಿಸಬೇಕು, ತೂಕದ ಯಂತ್ರದ ಹತ್ತಿರ ಫ್ಯಾನ್ ಏಕೆ ಹಾಕಬಾರದು, ಎಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಹೋದೆ. ಗದ್ದೆಯಲ್ಲಿ ಆರು ಕಡೆ ಅಗೆದು, ಮಣ್ಣು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಹೊಸ ಬಟ್ಟೆಯ ಚೀಲಕ್ಕೆ ಹಾಕಿದೆ. ಎಲ್ಲ ಕಲಿಸಿದ ಹಾಗೆಯೇ. ಮಾಮಾ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು.

"ಏನೋ ಪಂಡಿತಾ, ಇಷ್ಟ ಶಾಸ್ತ್ರ ನಮ್ಮ ಲಗ್ನದಾಗೂ ಮಾಡಿರಲಿಲ್ಲ."

"ಮಾಮಾ, ತಪ್ಪಿದ್ರ ಎಲ್ಲಾ ತಪ್ಪತೈತಿ."

"ಆತಪಾ, ಮಾಡು ಮಾಡು."

ಆಮೇಲೆ ನೀರು. ಕೆರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನಡುವೆ ಎಮ್ಮೆಗಳು ಮಲಗಿದ್ದವು, ನೀರು ಚಹಾದ ಬಣ್ಣವಾಗಿತ್ತು. ಕಲ್ಲಿನ ಮೆಟ್ಟಿಲುಗಳ ಬುಡದಲ್ಲಿ ಒಂದು ಚೌಕದ ಹೊಂಡವಿದೆ. ನೀರು ಇಳಿದಾಗ ಆ ಹೊಂಡ ಕೆರೆಯಿಂದ ಬೇರೆಯಾಗಿ ಉಳಿಯುತ್ತದೆ. ಅದರ ನೀರು ಕನ್ನಡಿಯಂತೆ ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ರಾಡಿ ನೀರನ್ನು ಪ್ರಯೋಗಾಲಯಕ್ಕೆ ಒಯ್ಯುವುದೇ ಅನ್ನಿಸಿತು. ಸೀಸೆಯನ್ನು ಅದೇ ತಿಳಿನೀರಿನಲ್ಲಿ ಮೂರು ಸಲ ತೊಳೆದು, ಗಾಳಿಗುಳ್ಳೆ ಇಲ್ಲದಂತೆ ತುಂಬಿಕೊಂಡೆ. ಅಷ್ಟು ಕಾಳಜಿಯಿಂದ ಮಾಡಿದ ತಪ್ಪು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಮಣ್ಣು ಒಣಗಿ, ಕುಟ್ಟಿ, ಜರಡಿ ಹಿಡಿದು ಪರೀಕ್ಷೆಗೆ ಬರಲು ಎಂಟು ಹತ್ತು ದಿನ ಬೇಕು. ನೀರನ್ನು ಮರುದಿನವೇ ನೋಡಬಹುದು. ಮೇಡಂ ಆ ವಾರ ರಜೆಯಲ್ಲಿದ್ದರು. ನಾನೇ ನೋಡಿದೆ. ಉಪ್ಪು ಅಳೆಯುವುದು ಹೀಗೆ: ನೀರಿಗೆ ಹಳದಿ ದ್ರಾವಣದ ನಾಲ್ಕು ಹನಿ ಹಾಕಿ, ಮೇಲಿನ ಗಾಜಿನ ಕೊಳವೆಯಿಂದ ಸಿಲ್ವರ್ ನೈಟ್ರೇಟನ್ನು ಹನಿ ಹನಿಯಾಗಿ ಬಿಡಬೇಕು. ನೀರಿನಲ್ಲಿ ಉಪ್ಪಿನ ಅಂಶ ಇರುವ ತನಕ ಹಳದಿ ಹೋಗುವುದಿಲ್ಲ. ಅದು ಮುಗಿದ ಕೂಡಲೇ ಇಟ್ಟಂಗಿಯ ಕೆಂಪು ಬರುತ್ತದೆ. ಕೆರೆ ನೀರಿಗೆ ಸಾಮಾನ್ಯವಾಗಿ ಸ್ವಲ್ಪ ಸಾಕು. ಇದಕ್ಕೆ ಕೊಳವೆ ಪೂರ್ತಿ ಖಾಲಿಯಾದರೂ ಹಳದಿ ಹಾಗೆಯೇ ನಿಂತಿತ್ತು.

ಎರಡು ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ನಾನೇ ರಿಪೋರ್ಟು ಟೈಪ್ ಮಾಡಿದೆ. ಪೂರ್ತಿ ನಾನೇ ಮಾಡಿದ ಮೊದಲನೆಯದು ಅದು. "ನೀರಿನಲ್ಲಿ ಉಪ್ಪು ಬಹಳ, ವ್ಯವಸಾಯಕ್ಕೆ ಯೋಗ್ಯವಲ್ಲ." ಮೇಡಂಗೆ ತೋರಿಸಲು ಕಾಯಬೇಕಿತ್ತು. ಕಾಯಲಿಲ್ಲ. ಫೋಟೋ ತೆಗೆದು ಮಾಮಾನ ಫೋನಿಗೆ ಕಳಿಸಿದೆ. ಅಕ್ಕ ಫೋನ್ ಮಾಡಿದಳು.

"ಖರೇನ ತಮ್ಮಾ?"

"ಖರೇ ಅಕ್ಕಾ. ಪರೀಕ್ಷಾ ಸುಳ್ಳು ಹೇಳೂದಿಲ್ಲ."

"ಆತು ಬಿಡು" ಅಂದು ಫೋನ್ ಇಟ್ಟಳು. ಆ ದಿನವೇ ಮಾಮಾ ಭಟ್ಟಿಯವನಿಗೆ ಮಾತು ಕೊಟ್ಟರು.

ಎರಡನೆಯ ವಾರದ ಶನಿವಾರ ಮಣ್ಣಿನ ಪರೀಕ್ಷೆ ಮುಗಿಯಿತು. ರಜೆ ಮುಗಿಸಿ ಬಂದಿದ್ದ ಮೇಡಂ ಎರಡೂ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟುಕೊಂಡರು. ಒಂದು ಚಮಚ ಮಣ್ಣಿನ ಮೇಲೆ ತೆಳು ಆಮ್ಲದ ಎರಡು ಹನಿ ಬಿಟ್ಟರು. ಮಣ್ಣು ಚುರ್ರೆಂದು ನೊರೆ ಬಿಟ್ಟಿತು.

"ನೋಡ್ರಿ, ಇದು ಸುಣ್ಣದ ಅಂಶ. ಈ ಬಿಳೀದು ಅಡಗಿ ಮನಿ ಉಪ್ಪಲ್ಲ. ಮಣ್ಣಿನ್ಯಾಗ ಅಡಗಿ ಉಪ್ಪು ಇಲ್ಲಾ ಅನ್ನೂವಷ್ಟು ಕಮ್ಮಿ ಐತಿ. ಅದ ಕೆರಿ ನೀರು ಮೂರು ವರ್ಷ ಈ ಗದ್ದಿಗೆ ಹರದಿದ್ರ, ಮಣ್ಣಿನ್ಯಾಗ ಉಪ್ಪು ಇರಬೇಕಿತ್ತಲ್ಲ? ನೀರು ಎಲ್ಲಿಂದ ತಂದ್ರಿ ನೀವು?"

"ಕೆರಿದ್ರೀ ಮೇಡಂ. ಮೆಟ್ಟಿಲ ಹತ್ತರದ್ದು."

"ಅಲ್ಲಿ ಯಾರರ ಏನರ ಹಾಕ್ತಾರೇನ್ರಿ?"

ಹಾಕುತ್ತಾರೆ. ಆ ಹೊಂಡದ ಬಾಜು ದೇವಿಯ ಕಲ್ಲು ಇದೆ. ಮೈಮೇಲೆ ನರೂಲಿ, ಅಂದರೆ ನರಹುಲಿ, ಎದ್ದವರು ಮಂಗಳವಾರ ಬೆಳಿಗ್ಗೆ ಬಂದು, ಒಂದು ಮುಷ್ಟಿ ಹರಳುಪ್ಪನ್ನು ಆ ಹೊಂಡಕ್ಕೆ ಹಾಕಿ, "ಉಪ್ಪು ಕರಗಿದಂಗ ಕರಗಲಿ" ಎಂದು ಹೇಳಿ, ಹಿಂದಕ್ಕೆ ನೋಡದೆ ಮನೆಗೆ ಹೋಗಬೇಕು. ಸುತ್ತಿನ ಹತ್ತು ಊರಿನವರು ಬರುತ್ತಾರೆ. ಮಳೆಗಾಲದಲ್ಲಿ ಕೆರೆ ತುಂಬಿ ಅದನ್ನೆಲ್ಲ ತೊಳೆದುಬಿಡುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನಾನು ಒಂದಿಡೀ ವರ್ಷದ ಹರಕೆಯನ್ನು ಸೀಸೆಯಲ್ಲಿ ತುಂಬಿಕೊಂಡು ಬಂದಿದ್ದೆ.

ಮೇಡಂಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಆಮ್ಲದ ಸಣ್ಣ ಹನಿಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ನಾಳೆ ಹೋಗಿ ಬರ್ರಿ. ನಡುನೀರು ತರ್ರಿ" ಅಂದರು. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಾಮಾನ ಫೋನೂ ಬಂದ್.

ಭಾನುವಾರ ಹಿಂಡಲಗಾದ ನನ್ನ ಖೋಲಿಯಿಂದ ಬೇಗನೆ ಹೊರಟು ಮೊದಲ ರೈಲು ಹಿಡಿದೆ. ದೇಸೂರ ದಾಟುವಾಗ ಹಳಿಯ ಬದಿಯಲ್ಲಿ ಜೋಡಿಸಿದ ಇಟ್ಟಂಗಿ ಕಂಡು ಮುಖ ತಿರುಗಿಸಿದೆ. ಖಾನಾಪುರದಲ್ಲಿ ಇಳಿದು, ಬಸ್ಸು ಹಿಡಿದು ಊರು ಮುಟ್ಟುವ ಹೊತ್ತಿಗೆ ಗದ್ದೆಯಲ್ಲಿ ಜೆಸಿಬಿ ಶುರುವಾಗಿತ್ತು. ತಗ್ಗಿನ ಮೂಲೆಯಲ್ಲಿ ಎರಡು ಟ್ರ್ಯಾಕ್ಟರ್ ಮಣ್ಣು ಆಗಲೇ ತೆಗೆದಿದ್ದರು. ಅಕ್ಕ ಬದುವಿನ ಮೇಲೆ, ಸೆರಗು ತಲೆಗೆ ಹೊದ್ದುಕೊಂಡು ನಿಂತಿದ್ದಳು.

"ನಿಲ್ಲಸ್ರೀ!" ಎಂದು ನಾನು ಓಡಿದೆ. "ಮಾಮಾ, ನಂದ ತಪ್ಪಾಗೈತಿ. ನೀರು ಹೊಂಡದ್ದು ತಗೊಂಡಿದ್ದೆ. ನರೂಲಿ ಉಪ್ಪಿನ ಹೊಂಡದ್ದು."

ಮೊದಲು ನಕ್ಕವನು ಜೆಸಿಬಿ ನಡೆಸುವವನು. ಮಾಮಾ ನಗಲಿಲ್ಲ.

"ಅಲ್ಲೋ, ಆರು ಕಡೆ ಅಗದಿ, ಸೀಸೆ ಮೂರು ಸಲ ತೊಳದಿ. ಈ ಊರಾಗ ಹುಟ್ಟಿ ಆ ಹೊಂಡ ಗೊತ್ತಾಗಲಿಲ್ಲೇನು ನಿನಗ?"

"ಗೊತ್ತಿಲ್ಲದ ಏನು!" ಎಂದಳು ಅಕ್ಕ. "ಇವನ ಕೈಗೆ ನರೂಲಿ ಎದ್ದಾಗ ನಾನ ಕರಕೊಂಡು ಹೋಗಿ ಉಪ್ಪು ಹಾಕಿಸಿದ್ದೆ. ಹಿಂದ ನೋಡಬ್ಯಾಡ ಅಂದಿದ್ದೆ. ಇವಾ ಇನ್ನೂ ನೋಡಿಲ್ಲ."

ಭಟ್ಟಿಯ ಮಾಲಕ ಮರಾಠಿ ಮನೆಮಾತಿನವನು, ಕನ್ನಡವೂ ಅಷ್ಟೇ ಸರಾಗ. ಅವನು ಗಡಿಯಾರ ನೋಡಿಕೊಂಡ. "ಅರೇ ಭಾವೂ, ನೀರು ಚಲೋ ಇರಲಿ, ಕೆಟ್ಟಿರಲಿ, ನನಗೇನು? ನನಗ ಮಣ್ಣು ಬೇಕು. ಮಾತು ಆಗೇತಿ."

ನನಗೆ ತೋರಿಸಲು ಉಳಿದದ್ದು ಒಂದೇ. ಅಗೆದ ಗುಂಡಿಯ ಅಂಚಿನಿಂದ ಮಣ್ಣಿನ ಒಂದು ಹೆಂಟೆ ತೆಗೆದು, ಹನಿಸೀಸೆಯ ಆಮ್ಲ ಬಿಟ್ಟೆ. ಅದು ಕುದಿಯುವ ಹಾಲಿನಂತೆ ನೊರೆ ಎತ್ತಿತು. ಹೆಂಟೆ ಒಡೆದೆ. ಒಳಗೆ ಜೋಳದ ಕಾಳಿನಷ್ಟು ಬಿಳಿ ಹರಳುಗಳು.

"ಇವು ಸುಣ್ಣದ ಹರಳು ನೋಡ್ರಿ."

ಭಟ್ಟಿಯವನು ಹೆಂಟೆಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು, ಬೆರಳಿನಲ್ಲಿ ಒಂದು ಹರಳು ತಿಕ್ಕಿದ. ಅವನಿಗೆ ನನಗಿಂತ ಬೇಗ ಅರ್ಥವಾಯಿತು. ಸುಣ್ಣದ ಹರಳು ಇಟ್ಟಂಗಿಯೊಳಗೆ ಸುಟ್ಟು, ಆಮೇಲೆ ನೀರು ತಾಗಿದಾಗ ಹಿಗ್ಗಿ, ಇಟ್ಟಂಗಿಯನ್ನು ಒಡೆಯುತ್ತದೆ.

"ಅರೇ ಬಾಪರೇ! ಇದನ್ನ ಸುಟ್ರ ಪೂರಾ ಭಟ್ಟಿ ಪಟಾಕಿ ಆಗತೈತಿ" ಎಂದು ಮಾಮಾನ ಕಡೆ ತಿರುಗಿದ. "ನಿಮ್ಮ ಮಣ್ಣು ನಿಮಗ ಇರಲಿ ಮಾಲಕ್ರ. ಮಾತು ಹಿಂದ ತಗೊಂಡೆ."

ಜೆಸಿಬಿ ಹೋದ ಮೇಲೆ ಮಾಮಾ ಗುಂಡಿಯ ಅಂಚಿಗೆ ಬಂದು ನಿಂತರು. "ಭಟ್ಟಿಗೂ ಬ್ಯಾಡ, ಬತ್ತಕ್ಕೂ ಬ್ಯಾಡ. ಈಗೇನ್ ಮಾಡೂದು?"

ಗುಂಡಿಯೇ ತೋರಿಸಿಕೊಟ್ಟಿತು. ಸೊಂಟದ ಆಳದಲ್ಲಿ ಸುತ್ತಲಿಂದ ನೀರು ಜಿನುಗುತ್ತಿತ್ತು. ಕೆರೆಯಿಂದ ಬಸಿದ ನೀರು ಮೊದಲು ಈ ಮೂಲೆಯಿಂದ ಹೊರಗೆ ಹೋಗುತ್ತಿತ್ತಂತೆ. ಗದ್ದೆಯ ಪಕ್ಕದ ಬಂಡಿ ದಾರಿಯನ್ನು ಎತ್ತರಿಸಿದಾಗ ನೀರಿನ ದಾರಿ ಮುಚ್ಚಿತು. ಅದೂ ಮೂರು ವರ್ಷದ ಹಿಂದೆ. ಹೋಗಲು ಜಾಗವಿಲ್ಲದ ನೀರು ನೆಲದ ಕೆಳಗೇ ನಿಲ್ಲುತ್ತದೆ. ಬಿಸಿಲು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ನೀರು ಹೋಗುತ್ತದೆ, ಅದರಲ್ಲಿ ಕರಗಿದ್ದದ್ದು ಮಾತ್ರ ನೆಲದ ಮೇಲೆ ಉಳಿಯುತ್ತದೆ. ಹೊಂಡದಲ್ಲಿ ಉಪ್ಪಿಗೆ ಆದದ್ದೇ ಗದ್ದೆಯಲ್ಲಿ ಸುಣ್ಣಕ್ಕೆ ಆಗಿತ್ತು.

ಮಾಮಾ ಕೆರೆಯ ಕಡೆ ನಡೆದರು. ಮೊಣಕಾಲು ನೀರಿಗಿಳಿದು, ಎಮ್ಮೆಗಳ ಆಚೆಯಿಂದ ಒಂದು ಬೊಗಸೆ ತೆಗೆದು ಬಾಯಿಗೆ ಹಾಕಿ ಉಗುಳಿದರು. ಆಮೇಲೆ ಹೊಂಡದ್ದು.

"ಥೂ!" ಎಂದು ಬಾಯಿ ಒರೆಸಿಕೊಂಡರು. "ನಾಲಿಗಿ ಇತ್ತಲ್ಲೋ ನಿನಗ?"

ಇತ್ತು. ನೆನಪಾಗಿರಲಿಲ್ಲ. ನಡುನೀರನ್ನು ಸೀಸೆಯಲ್ಲಿ ತಂದು ಮೇಡಂ ಎದುರಿಗೇ ನೋಡಿದೆ. ಸ್ವಲ್ಪದರಲ್ಲೇ ಇಟ್ಟಂಗಿಯ ಕೆಂಪು ಬಂತು.

ಮುಂದಿನ ನಾಲ್ಕು ಭಾನುವಾರ ಮಾಮಾ ಮತ್ತು ನಾನು ಗದ್ದೆಯ ಉದ್ದಕ್ಕೂ ಬಸಿಗಾಲುವೆ ತೋಡಿ, ಬಂಡಿ ದಾರಿಯ ಕೆಳಗೆ ಪೈಪು ಹಾಕಿದೆವು. ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದವು. ಅಕ್ಕ ಬುತ್ತಿ ತಂದಾಗಲೆಲ್ಲ, "ಉಪ್ಪು ಹಾಕೂಣೇನು?" ಎಂದು ಕೇಳುತ್ತಿದ್ದಳು.

ಈ ಮಳೆಗಾಲ ಭತ್ತ ಎಲ್ಲ ಕಡೆ ಹಸಿರಾಗಿಲ್ಲ. ತಗ್ಗಿನಲ್ಲಿ ಇನ್ನೂ ಎರಡು ಮೂರು ಸಾಲು ಹಳದಿ ಇದೆ. ಒಂದು ವರ್ಷದಲ್ಲಿ ಎಲ್ಲ ತೊಳೆದು ಹೋಗುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಜೆಸಿಬಿ ತೆಗೆದ ಮೂಲೆ ಹಾಗೆಯೇ ಇದೆ. ಅದರಲ್ಲಿ ನೀರು ನಿಂತು ಕಪ್ಪೆ ಸೇರಿವೆ. ಮಾಮಾ ಮುಚ್ಚಿಸುತ್ತೇನೆ ಅಂದರು, ಅಕ್ಕ ಬಿಡಲಿಲ್ಲ. ಯಾರಾದರೂ ಅದೇನು ಎಂದು ಕೇಳಿದರೆ, "ನಮ್ಮ ತಮ್ಮನ ರಿಪೋರ್ಟು" ಅನ್ನುತ್ತಾಳೆ.

ಹೋದ ವಾರ ಹೋದಾಗ ಆ ಗುಂಡಿಯ ನೀರನ್ನೂ ನೋಡಬೇಕೆನ್ನಿಸಿ ಚೀಲದಿಂದ ಸೀಸೆ ತೆಗೆದೆ. ಸಸಿಗಳ ನಡುವೆ ಕಳೆ ಕೀಳುತ್ತಿದ್ದ ಅಕ್ಕ ಬೆನ್ನು ನೆಟ್ಟಗೆ ಮಾಡದೆಯೇ ಕೂಗಿದಳು:

"ಮೊದಲ ನಾಲಿಗಿ ಹಚ್ಚಿ ನೋಡೋ ತಮ್ಮಾ! ಆಮ್ಯಾಗ ಟೈಪ್ ಮಾಡೀಯಂತ."