ಸುಧಾರಿಸಿಕೊಳ್ಳುವ ಕಾರು

ಮೆಟ್ರೋಗಾಗಿ ದಿಲ್ಲಿಯನ್ನೆಲ್ಲ ಅಗೆಯುತ್ತಿದ್ದ ವರ್ಷಗಳವು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಕೆಳಗಿನ ಮನೆಯವರು ಕನ್ನಡದವರು, ಒಂಟಿ. ಅವರ ಹಳೆಯ ಕಾರಿನ ರೇಡಿಯೇಟರ್ ಫ್ಯಾನು ಸವೆದು ಓಲಾಡುತ್ತಿದ್ದುದರಿಂದ ಇಂಜಿನ್ ಬೇಗ ಬಿಸಿಯಾಗುತ್ತಿತ್ತು. ಪ್ರತಿ ಶನಿವಾರ ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳಲ್ಲಿ ಬೇರೆ ಫ್ಯಾನು ಹುಡುಕುತ್ತಿದ್ದರು. ಸಿಕ್ಕಿದ್ದು ಒಂದೋ ಬೇರೆ ಗಾಡಿಯದು, ಇಲ್ಲವೇ ಬೇಗ ಬಿರುಕು ಬಿಡುವ ನಕಲಿ.

ಒಮ್ಮೆ ನಾನೂ ಜೊತೆಗೆ ಹೋದೆ. ಅರ್ಧ ದಾರಿಯಲ್ಲಿ ಹಬೆ ಎದ್ದಿತು. ಬೇವಿನ ಮರದಡಿ ನಿಲ್ಲಿಸಿ ಬಾನೆಟ್ ಎತ್ತಿ, "ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡಿ," ಎಂದರು. ದಾರಿಹೋಕರೆಲ್ಲ ಸುತ್ತ ಸೇರಿದರು.

"ಆಜ್ ಫಿರ್ ಗರಮ್, ಅಂಕಲ್‌ಜೀ?" ಇವತ್ತೂ ಬಿಸಿಯಾಯಿತೇ ಎಂದು ವಿಚಾರಿಸುತ್ತ ಚಹದ ಭಯ್ಯಾ ಕೇಳದೆಯೇ ಲೋಟ ತಂದ. ಕ್ವಾರ್ಟರ್ಸಿನಲ್ಲಿ ಹೂಂ ಎನ್ನಲೂ ಹಿಂದೆಮುಂದೆ ನೋಡುವ ಮನುಷ್ಯ ಅಲ್ಲಿ ಗಟ್ಟಿಯಾಗಿ ನಗುತ್ತಿದ್ದರು.

ಮಾನೇಸರದ ಕಾರ್ಖಾನೆಯಲ್ಲಿದ್ದ ಗೆಳೆಯನಿಗೆ ಅಳತೆ ಕೊಟ್ಟು, ಹೊಸ ಫ್ಯಾನು ಮಾಡಿಸಿ ತಂದುಕೊಟ್ಟೆ. ಸರಿಯಾಗಿ ಕೂತಿತು. ಮುಂದಿನ ಶನಿವಾರ ಅವರು ಮೆಟ್ಟಿಲ ಬಳಿ ಸಿಕ್ಕರು.

"ಹೇಗೆ ಓಡಿತು, ಸಾರ್?"

"ಚೆನ್ನಾಗಿ. ಎಲ್ಲೂ ನಿಲ್ಲಲೇ ಇಲ್ಲ," ಎಂದು ಬೀಗ ತೆಗೆದು ಒಳಹೋದರು.

ಆ ಚಳಿಗಾಲದಲ್ಲಿ ಬಸ್ಸಿನಿಂದ ನೋಡಿದರೆ, ಅದೇ ಮರದಡಿ ಕಾರು, ಬಾನೆಟ್ ಎತ್ತಿಟ್ಟಿತ್ತು. ನಾನು ಕೊಟ್ಟ ಫ್ಯಾನೂ ಕೈಕೊಟ್ಟಿತೆಂದುಕೊಂಡು ಇಳಿದು ಓಡಿದೆ. ಅವರು ಚಹದ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ಇಂಜಿನ್ ಮುಟ್ಟಿದೆ; ಯಾವಾಗಲೋ ತಣ್ಣಗಾಗಿತ್ತು. ಹಬೆಯಿಲ್ಲದ ಕಾರಿನ ಸುತ್ತ ಯಾರೂ ಸೇರಿರಲಿಲ್ಲ.

"ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡಿ," ಎಂದು ಅವರು ಇನ್ನೊಂದು ಸ್ಟೂಲನ್ನು ನನ್ನ ಕಡೆ ಸರಿಸಿದರು.